ಬಸುರಿಯ ಬಾಯಾರಿಕೆ



ಬಸುರಿಯ ಬಯಕೆಯನ್ನು ಕುರಿತು ಮಾತನಾಡಬೇಕೆಂದಿದ್ದರೆ ನನಗೆ ಇಷ್ಟು ಸಂಕೋಚವಾಗುತ್ತಿರಲಿಲ್ಲ. ಮೂವತ್ತು ವರ್ಷಕ್ಕೂ ಮಿಗಿಲಾಗಿ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದವಳು ನಾನು. ಹಳಗನ್ನಡ ಕಾವ್ಯದ ‘ದೋಹಳ’ದಿಂದ ಹಿಡಿದು ನಮ್ಮ ಹೆಣ್ಣುಮಕ್ಕಳ ಬಯಕೆಯ ಹಾಡುಗಳವರೆಗೆ ಆ ವಿಷಯಕ್ಕೆ ಸಾಮಗ್ರಿ ಧಾರಾಳವಾಗಿದೆ. ಮಾವಿನ ಮಿಡಿ, ಹುಣಿಸೆಕಾಯಿ, ತವರಿನ ಹಂಬಲ, ಮುಡಿಯುವ ಹೂವು, ಹಸಿರು ಬಳೆ ಇವುಗಳ ಸುತ್ತ ಎಷ್ಟು ಹೊತ್ತು ಬೇಕಾದರೂ ಮಾತು ಹೆಣೆಯಬಹುದು. ಆದರೆ ಈ ಹೊತ್ತು ನಾನು ಆಯ್ದುಕೊಂಡಿರುವುದು ಬಯಕೆಯ ಪಕ್ಕದಲ್ಲಿಯೇ ಇದ್ದೂ ನಾನು ಓದಿದ ಕಾವ್ಯಗಳಲ್ಲಿ ಎಲ್ಲಿಯೂ ಎದುರಾಗದ ಇನ್ನೊಂದು ಸಂಗತಿಯನ್ನು. ಬಸುರಿಗೆ ರಾತ್ರಿ ಬಾಯಾರುತ್ತದೆ. ರಾತ್ರಿ ಮತ್ತೆ ಮತ್ತೆ ಎದ್ದು ಹೋಗಬೇಕಾಗುತ್ತದೆ.

ಎದ್ದು ಹೋಗಬೇಕಾಗುತ್ತದೆ ಎಂದೆ. ಎಲ್ಲಿಗೆ ಎಂದು ನೀವು ಯಾರೂ ಕೇಳಲಾರಿರಿ. ಕೇಳದೆಯೇ ತಿಳಿಯುವಂತೆ ಹೇಳುವ ಕಲೆಯಲ್ಲಿ ನಮ್ಮ ಭಾಷೆ ಪಳಗಿದೆ. ‘ಹಿತ್ತಲಿಗೆ ಹೋಗಿ ಬರುತ್ತೇನೆ’ ಎನ್ನುತ್ತೇವೆ. ಶಾಲೆಯ ಮಗು ಒಂದು ಬೆರಳನ್ನು ಎತ್ತಿ ತೋರಿಸಿ ‘ಒಂದಕ್ಕೆ’ ಎನ್ನುತ್ತದೆ. ಸ್ವಲ್ಪ ಓದಿದವರು ‘ಜಲಬಾಧೆ’ ಎನ್ನುತ್ತಾರೆ. ಈ ಕೊನೆಯ ಮಾತು ನನಗೆ ಬಹಳ ಹಿಡಿಸಿದೆ. ಜಲದಿಂದಾಗುವ ಬಾಧೆ ಎಂದಲ್ಲವೆ ಅದರ ಅರ್ಥ? ನೀರು ಸಾಲದೆ ಆಗುವ ಬಾಧೆಗೂ ನೀರು ಹೆಚ್ಚಾಗಿ ಆಗುವ ಬಾಧೆಗೂ ಆ ಒಂದೇ ಶಬ್ದ ಸಲ್ಲಬಹುದು. ಬಸುರಿಗೆ ಈ ಎರಡೂ ಒಂದೇ ರಾತ್ರಿಯಲ್ಲಿ, ಒಂದರ ಬೆನ್ನಿಗೆ ಒಂದು ಬರುತ್ತವೆ. ಗಂಟಲು ಒಣಗಿತೆಂದು ನೀರು ಕುಡಿದರೆ ಏಳಬೇಕು. ಏಳುವುದಕ್ಕೆ ಅಂಜಿ ನೀರು ಬಿಟ್ಟರೆ ಗಂಟಲು ಒಣಗುತ್ತದೆ. ಈ ಇಕ್ಕಟ್ಟಿನಲ್ಲಿ ಹೆಚ್ಚಿನ ಹೆಂಗಸರು ಆರಿಸಿಕೊಳ್ಳುವ ದಾರಿ ನೀರನ್ನು ಬಿಡುವುದು. ಆ ದಾರಿಯಲ್ಲಿ ನಾನೂ ನಡೆದೆ. ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆಂಬುದನ್ನು ಕಂಡೆ. ಅದನ್ನೇ ಹೇಳಬೇಕೆಂದು ಬಂದಿದ್ದೇನೆ.

1986ರ ಮಳೆಗಾಲ. ನನಗೆ ಚೊಚ್ಚಲ ಬಸುರು. ಏಳನೆಯ ತಿಂಗಳು ನಡೆಯುತ್ತಿತ್ತು. ಸೀಮಂತ ಮುಗಿಸಿಕೊಂಡು ತವರಿಗೆ ಹೊರಡುವುದಕ್ಕೆ ಇನ್ನೂ ಕೆಲವು ವಾರಗಳಿದ್ದುವು. ತೀರ್ಥಹಳ್ಳಿಯ ಸೀಮೆಯ ಅತ್ತೆಯ ಮನೆಯಿಂದಲೇ ದಿನವೂ ಬಸ್ಸಿನಲ್ಲಿ ಕಾಲೇಜಿಗೆ ಹೋಗಿ ಬರುತ್ತಿದ್ದೆ. ಮಲೆನಾಡಿನ ಹಳೆಯ ಮನೆಗಳನ್ನು ನೋಡಿದವರಿಗೆ ಅದರ ಲಕ್ಷಣವನ್ನು ಬಣ್ಣಿಸಬೇಕಾಗಿಲ್ಲ. ಮುಂದೆ ಜಗಲಿ, ಒಳಗೆ ನಡುಮನೆ, ಅದರಾಚೆ ಅಡುಗೆಮನೆ, ಹಿಂದೆ ಬಚ್ಚಲು, ಬಚ್ಚಲಿನಾಚೆ ಹಿತ್ತಲು. ಕಕ್ಕಸು ಇದ್ದದ್ದು ಹಿತ್ತಲಿನ ಕೊನೆಗೆ, ಕೊಟ್ಟಿಗೆಯನ್ನೂ ದಾಟಿ. ಬಚ್ಚಲಲ್ಲಿ ಅತ್ತೆಯವರ ಮಡಿನೀರಿನ ಹಂಡೆ ಇರುತ್ತಿದ್ದುದರಿಂದ ಅಲ್ಲಿ ಅದಕ್ಕೆಲ್ಲ ಎಡೆಯಿರಲಿಲ್ಲ. ರಾತ್ರಿ ಏಳಬೇಕಾದರೆ ಅತ್ತೆ ಮಾವ ಮಲಗಿರುವ ನಡುಮನೆಯನ್ನು ದಾಟಬೇಕು. ಹಿಂಬಾಗಿಲ ಅಗಳಿಯನ್ನು ತೆಗೆಯಬೇಕು. ಅದು ಎಷ್ಟು ಮೆಲ್ಲಗೆ ಎಳೆದರೂ ಮನೆಯವರನ್ನೆಲ್ಲ ಎಬ್ಬಿಸುವ ಅಗಳಿ. ಹೊರಗೆ ಜಡಿಮಳೆ. ಕಂಬಳಿ ಕೊಪ್ಪೆ ಹಾಕಿಕೊಂಡು, ಲಾಟೀನು ಹಿಡಿದು, ಪಾಚಿಗಟ್ಟಿದ ಚಪ್ಪಡಿಯ ಮೇಲೆ ಹೆಜ್ಜೆ ಊರಿಕೊಂಡು ಹೋಗಬೇಕು. ಹಿಂದಿರುಗಿ ಬಂದಮೇಲೆ ಬೆಳಕಿನಲ್ಲಿ ಕಾಲಿಗೆ ಇಂಬಳ ಹತ್ತಿದೆಯೇ ಎಂದು ನೋಡಿಕೊಳ್ಳಬೇಕು. ಒಂದು ರಾತ್ರಿಗೆ ಒಂದು ಸಲವಾದರೆ ಆದೀತು. ನನಗೆ ನಾಲ್ಕು ಸಲವಾಗುತ್ತಿತ್ತು.

ಮೂರನೆಯ ಸಲ ಅಗಳಿ ಕಿರುಗುಟ್ಟಿದಾಗ ಮಾವನವರು ಕತ್ತಲಲ್ಲಿ ಕೆಮ್ಮುತ್ತಿದ್ದರು. ಆ ಕೆಮ್ಮಿನಲ್ಲಿ ಬೇಸರವಿತ್ತೋ ಇಲ್ಲವೋ ಈಗ ಹೇಳಲಾರೆ, ಇದ್ದಿರಲಾರದು. ಆದರೆ ಇಪ್ಪತ್ತಾರು ವರ್ಷದ ಸೊಸೆಗೆ ಅದು ಬೇಸರದ ಕೆಮ್ಮಾಗಿಯೇ ಕೇಳಿಸಿತು. ಮರುದಿನದಿಂದ ನಾನು ಒಂದು ಉಪಾಯ ಹೂಡಿದೆ. ಸಂಜೆ ನಾಲ್ಕು ಗಂಟೆಯ ಕಾಫಿಯಾದ ಮೇಲೆ ನೀರು ಮುಟ್ಟುತ್ತಿರಲಿಲ್ಲ. ಕಾಲೇಜಿನಲ್ಲಿ ಅಧ್ಯಾಪಕಿಯರಿಗೆ ಪ್ರತ್ಯೇಕ ಏರ್ಪಾಡು ಇಲ್ಲದ ಕಾರಣ ಹಗಲಿನಲ್ಲಿಯೂ ಕುಡಿಯುತ್ತಿದ್ದುದು ಅಷ್ಟಕ್ಕಷ್ಟೆ. ರಾತ್ರಿಯೂಟಕ್ಕೆ ಮಾತ್ರ ಬಾಯಿ ರುಚಿಗೆಂದು ಅಪ್ಪೆಮಿಡಿಯ ಉಪ್ಪಿನಕಾಯಿ, ಹಪ್ಪಳ. ಬಸುರಿಗೆ ಹುಳಿ ಉಪ್ಪು ಬೇಕೆನಿಸುವುದು ಸಹಜ, ಅದನ್ನು ಒದಗಿಸುವುದು ಪುಣ್ಯ ಎಂದು ನಮ್ಮ ಹಿರಿಯರು ಬಲ್ಲರು. ಉಪ್ಪು ತಿಂದವಳು ನೀರು ಕುಡಿಯಬೇಕೆಂಬುದನ್ನು ಗಾದೆ ಮಾಡಿ ಹೇಳಿದವರೂ ಅವರೇ. ಆದರೆ ಬಸುರಿಯ ವಿಷಯದಲ್ಲಿ ಆ ಗಾದೆ ಅವರಿಗೆ ಮರೆತುಹೋಗುತ್ತಿತ್ತು. ಹೆಚ್ಚು ನೀರು ಕುಡಿದರೆ ಕಾಲು ಊದಿಕೊಳ್ಳುತ್ತದೆ, ಹೊಟ್ಟೆಯೊಳಗಿನ ಕೂಸಿಗೆ ಶೀತವಾಗುತ್ತದೆ ಎಂಬ ಮಾತು ಮನೆಯಲ್ಲಿತ್ತು. ನನ್ನ ಉಪಾಯಕ್ಕೆ ಅದೂ ಒತ್ತಾಸೆಯಾಯಿತು.

ಆ ರಾತ್ರಿಗಳು ನೆನಪಿನಿಂದ ಮಾಸಿಲ್ಲ. ಹಂಚಿನ ಮೇಲೆ ಬಿಡುವಿಲ್ಲದೆ ಮಳೆ ಹೊಯ್ಯುತ್ತಿದೆ. ಅಂಗಳದ ತುಂಬ ನೀರು ಹರಿಯುವ ಸದ್ದು. ಒಳಗೆ ನಾನು ಅಂಗಳಕ್ಕೆ ಅಂಟಿಕೊಂಡ ನಾಲಿಗೆಯನ್ನು ಬಿಡಿಸಿಕೊಳ್ಳುತ್ತ ಮಲಗಿದ್ದೇನೆ. ಇಷ್ಟಾದರೂ ಏಳುವುದು ತಪ್ಪಿತೆಂದುಕೊಂಡಿರಾ? ನಾಲ್ಕು ಸಲವಿದ್ದದ್ದು ಮೂರಾಯಿತು, ಅಷ್ಟೆ. ಆ ಮೂರರಲ್ಲಿ ಎರಡನ್ನು ಹಲ್ಲು ಕಚ್ಚಿ ತಡೆದುಕೊಳ್ಳುತ್ತಿದ್ದೆ.

ಮೂರು ವಾರ ಕಳೆಯುವಷ್ಟರಲ್ಲಿ ಒಂದು ಸಂಜೆ ಚಳಿ ಹತ್ತಿ ಹಲ್ಲು ಕಟಕಟಿಸಿತು. ಬಲಪಕ್ಕೆಯ ಹಿಂದೆ ಚೂರಿಯಿಟ್ಟಂತೆ ನೋವು. ಅತ್ತೆಯವರು ಹಣೆ ಮುಟ್ಟಿ ನೋಡಿ, “ಅಯ್ಯೋ ಮಾರಾಯ್ತಿ, ಮೈ ಕೆಂಡ ಆಗಿದೆಯಲ್ಲೇ!” ಎಂದರು. ನಡುರಾತ್ರಿಯ ಹೊತ್ತಿಗೆ ಹೊಟ್ಟೆ ಗಟ್ಟಿಯಾಗಿ ಹಿಂಡತೊಡಗಿತು. ಅಕ್ಕಪಕ್ಕದವರ ಜೀಪಿನಲ್ಲಿ ಪೇಟೆಯ ಆಸ್ಪತ್ರೆಗೆ ಸಾಗಿಸಿದರು. ಅಲ್ಲಿದ್ದ ವಯಸ್ಸಾದ ಲೇಡಿ ಡಾಕ್ಟರು ಪರೀಕ್ಷೆ ಮಾಡಿ, ನನ್ನ ಮುಖ ನೋಡಿ ಕೇಳಿದ ಮೊದಲ ಪ್ರಶ್ನೆ: “ರಾತ್ರಿ ಎಷ್ಟು ಸಲ ಏಳುತ್ತೀಯಮ್ಮ?”

ನಾನು ಉತ್ತರ ಕೊಡಲಿಲ್ಲ. ಮಂಚದ ಕೊನೆಗೆ ಮಾವನವರು ನಿಂತಿದ್ದರು, ಮೈದುನ ನಿಂತಿದ್ದ. ಹಿಂದಿನ ವಾರವಷ್ಟೇ ಎಂಬತ್ತು ಹುಡುಗ ಹುಡುಗಿಯರು ತುಂಬಿದ ತರಗತಿಯಲ್ಲಿ ಶೃಂಗಾರದ ಪದ್ಯಗಳನ್ನು ಎಳ್ಳಷ್ಟೂ ಅಳುಕದೆ ಬಿಡಿಸಿ ಹೇಳಿದ್ದವಳು ನಾನು. ಎಂ.ಎ. ಪದವಿ ಪಡೆದ ಆ ನಾಲಿಗೆಗೆ ಒಂದು ಸಂಖ್ಯೆಯನ್ನು ಹೇಳುವುದಾಗಲಿಲ್ಲ. ಡಾಕ್ಟರು ಎಲ್ಲರನ್ನೂ ಹೊರಗೆ ಕಳಿಸಿ, “ನೀರು ಕುಡಿಯೋದಿಲ್ಲ, ಬಂದದ್ದನ್ನು ತಡಕೊಳ್ತೀಯ. ಹೌದೋ ಅಲ್ಲವೋ?” ಎಂದರು. ಆಗ ಅಳು ಬಂತು. ಮೂತ್ರದಲ್ಲಿ ಸೋಂಕಾಗಿ ಅದು ಮೂತ್ರಪಿಂಡಕ್ಕೆ ಏರಿತ್ತು. ಎಂಟು ದಿನ ಸೂಜಿಮದ್ದು, ಡ್ರಿಪ್ಪು. ಆ ಹಿಂಡುವ ನೋವು ನಿಲ್ಲದೆ ಹೋಗಿದ್ದರೆ ಕೂಸು ಏಳು ತಿಂಗಳಿಗೇ ಈಚೆ ಬರುತ್ತಿತ್ತು. ಅಂದಿನ ದಿನಗಳಲ್ಲಿ, ಅಷ್ಟು ಸಣ್ಣ ಊರಿನಲ್ಲಿ, ಅಂಥ ಕೂಸು ಉಳಿಯುವುದು ದುರ್ಲಭವಾಗಿತ್ತು. ನೋವು ನಿಂತಿತು. ಇದು ನನ್ನ ಪುಣ್ಯವೇ ಹೊರತು ಜಾಣತನವಲ್ಲ.

ಮನೆಗೆ ಮರಳಿದ ರಾತ್ರಿ ನನ್ನ ಕೋಣೆಯಲ್ಲಿ ಮೂರು ಹೊಸ ವಸ್ತುಗಳಿದ್ದುವು. ತಲೆಯ ಬಳಿ ಮುಚ್ಚಳವಿದ್ದ ತಾಮ್ರದ ಚೊಂಬು, ತುಂಬ ನೀರು. ಮೂಲೆಯಲ್ಲಿ ಬತ್ತಿ ಸಣ್ಣದು ಮಾಡಿದ ಲಾಟೀನು. ಪಕ್ಕದ ಕತ್ತಲೆಕೋಣೆಯಲ್ಲಿ, ತಳಕ್ಕೆ ಬೂದಿ ಹಾಕಿ ಹಲಗೆ ಮುಚ್ಚಿದ ಒಂದು ಕಬ್ಬಿಣದ ಬಕೆಟ್ಟು. ನಮ್ಮ ಅತ್ತೆಯವರ ಮಡಿ ಆ ಊರಿಗೇ ಹೆಸರಾದದ್ದು. ಒದ್ದೆ ಸೀರೆಯುಟ್ಟು ಅಡುಗೆ ಮಾಡುವವರು, ಬೀದಿಯಿಂದ ಬಂದ ನನ್ನ ಕೈಚೀಲವನ್ನು ಕೋಲಿನಿಂದ ಸರಿಸುವವರು. ಅಂಥವರು ಮನೆಯೊಳಗೆ ಆ ಬಕೆಟ್ಟನ್ನು ಇರಿಸಿದ್ದರು. ಹೆರಿಗೆಗೆ ತವರಿಗೆ ಹೊರಡುವ ದಿನದವರೆಗೂ ಬೆಳಗಿನ ಜಾವ ಯಾರೂ ಏಳುವ ಮೊದಲು ಅದನ್ನು ತಾವೇ ಎತ್ತಿಕೊಂಡು ಹೋಗಿ ತೊಳೆದು, ಅಲ್ಲಿಂದಲೇ ಸ್ನಾನಕ್ಕೆ ಹೋಗುತ್ತಿದ್ದರು. ನಾನು ತಡೆಯಲು ಹೋದಾಗ, “ನಿನ್ನ ಗಂಡನಿಗಿಂತ ಮೊದಲು ನನಗೊಂದು ಕೂಸು ಎಂಟು ತಿಂಗಳಿಗೇ ಹೋಯ್ತು ಕಣೇ. ಹೀಗೇ ಚಳಿಜ್ವರ ಬಂದಿತ್ತು. ಯಾಕೆ ಅಂತ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ” ಎಂದರು. ಆ ಕೂಸು ಹೋದದ್ದಕ್ಕೆ ಇದೇ ಕಾರಣವೆಂದು ನಾನು ಹೇಳಲಾರೆ. ಆದರೆ ಮೂವತ್ತೈದು ವರ್ಷ ಅವರು ಆ ಮಾತನ್ನು ಯಾರೊಡನೆಯೂ ಆಡಿರಲಿಲ್ಲ. ಸ್ವಂತ ಮಗನಿಗೂ ಗೊತ್ತಿರಲಿಲ್ಲ.

ಇನ್ನು, ಇದು ಏಕೆ ಹೀಗೆ ಎಂಬ ವಿಚಾರ. ಪಿ.ಯು.ಸಿ.ಯಲ್ಲಿ ನನ್ನಿಂದ ಕನ್ನಡ ಪಾಠ ಕೇಳಿ ಈಗ ಪ್ರಸೂತಿ ವೈದ್ಯೆಯಾಗಿರುವ ಶಿಷ್ಯೆಯೊಬ್ಬಳಿದ್ದಾಳೆ. ಈಗ ಗುರು ಶಿಷ್ಯೆಯರ ಸ್ಥಾನ ಅದಲುಬದಲಾಗಿದೆ. ಅವಳು ನನಗೆ ತಿಳಿಯುವ ಮಾತಿನಲ್ಲಿ ತಿಳಿಸಿದ್ದನ್ನು ನಿಮಗೂ ಹೇಳುತ್ತೇನೆ.

ಬಸುರಿನಲ್ಲಿ ಹೆಣ್ಣಿನ ಮೈಯೊಳಗಿನ ರಕ್ತದ ಪ್ರಮಾಣ ಶೇಕಡ 40ರಿಂದ 50ರಷ್ಟು ಹೆಚ್ಚುತ್ತದೆ. ಹೆಚ್ಚುವುದರಲ್ಲಿ ದೊಡ್ಡ ಪಾಲು ನೀರಿನ ಅಂಶವೇ. ಇಷ್ಟು ರಕ್ತವನ್ನು ಶೋಧಿಸಬೇಕಾದ ಮೂತ್ರಪಿಂಡಗಳು ಮೊದಲ ತಿಂಗಳುಗಳಿಂದಲೇ ಸುಮಾರು ಒಂದೂವರೆಪಟ್ಟು ದುಡಿಯತೊಡಗುತ್ತವೆ. ಶೋಧನೆ ಹೆಚ್ಚಿದಾಗ ಮೂತ್ರವೂ ಹೆಚ್ಚುವುದು ಸಹಜವಷ್ಟೆ. ಅತ್ತ ಬಾಯಾರಿಕೆಗೂ ಒಂದು ಕಟ್ಟುಪಾಡು ಉಂಟು. ರಕ್ತ ಇಷ್ಟು ಗಟ್ಟಿಯಾದರೆ ಬಾಯಾರಬೇಕು ಎಂಬ ಒಂದು ಗೆರೆಯನ್ನು ಮಿದುಳು ಹಾಕಿಕೊಂಡಿರುತ್ತದೆ. ಬಸುರಿನ ಮೊದಲ ವಾರಗಳಲ್ಲಿಯೇ ಆ ಗೆರೆ ಕೆಳಕ್ಕೆ ಸರಿಯುತ್ತದೆ. ಬೇರೆಯವರಿಗೆ ಬಾಯಾರದ ಹೊತ್ತಿನಲ್ಲಿ ಬಸುರಿಗೆ ಬಾಯಾರುವುದು ಅದಕ್ಕೇ. ಅದು ಚಪಲವಲ್ಲ, ಅಭ್ಯಾಸಬಲವೂ ಅಲ್ಲ. ಎರಡು ಜೀವದ ಲೆಕ್ಕ. ನಮ್ಮ ಸುಶ್ರುತಸಂಹಿತೆಯಲ್ಲಿ ಬಸುರಿಯನ್ನು ಎರಡು ಹೃದಯಗಳುಳ್ಳವಳು ಎಂಬ ಅರ್ಥದಲ್ಲಿ ‘ದೌಹೃದಿನೀ’ ಎಂದು ಕರೆದಿದೆ. ನಾಲ್ಕನೆಯ ತಿಂಗಳಲ್ಲಿ ಕೂಸಿನ ಹೃದಯ ವ್ಯಕ್ತವಾಗುವುದರಿಂದ ಆಗಿನ ಬಯಕೆ ಕೂಸಿನದೂ ಹೌದು, ಅದನ್ನು ಅವಮಾನಿಸಬಾರದು ಎಂದು ಆ ಶಾಸ್ತ್ರದ ಅಭಿಪ್ರಾಯ. ನಮ್ಮ ಪಂಡಿತರು ಮಾವಿನಕಾಯಿಗೆ ಅನ್ವಯಿಸಿದ ಈ ನ್ಯಾಯವನ್ನು ಒಂದು ಲೋಟ ನೀರಿಗೂ ಅನ್ವಯಿಸಬಹುದಾಗಿತ್ತು. ಹೊಟ್ಟೆಯೊಳಗಿನ ಕೂಸು ತಾನು ತೇಲುತ್ತಿರುವ ನೀರನ್ನು ತಾನೇ ಕುಡಿಯುತ್ತದೆ, ಅದರೊಳಗೇ ಮೂತ್ರವನ್ನೂ ಬಿಡುತ್ತದೆ ಎಂದು ನನ್ನ ಶಿಷ್ಯೆ ಹೇಳಿದಾಗ ನಾನು ನಕ್ಕುಬಿಟ್ಟೆ. ಜಲಬಾಧೆ ತಾಯಿಯೊಬ್ಬಳಿಗೇ ಅಲ್ಲವಷ್ಟೆ!

ಹಾಗಾದರೆ ರಾತ್ರಿಯೇ ಏಕೆ ಹೆಚ್ಚು? ನನಗೆ ಬಹಳ ಮುಖ್ಯವೆಂದು ತೋರಿದ ಸಂಗತಿ ಇದು. ಬಸುರಿ ಹಗಲೆಲ್ಲ ನಿಂತು, ನಡೆದು, ಕಾಲು ಇಳಿಬಿಟ್ಟು ಕುಳಿತು ಕೆಲಸ ಮಾಡುವಾಗ ಮೈಯ ನೀರು ಕಾಲಿಗಿಳಿದು ಅಲ್ಲಿ ಬಾವಾಗಿ ನಿಲ್ಲುತ್ತದೆ. ರಾತ್ರಿ ಮಲಗಿದಾಗ ಆ ನೀರು ಮರಳಿ ರಕ್ತಕ್ಕೆ ಸೇರಿ, ಮೂತ್ರಪಿಂಡಗಳಿಗೆ ಹೋಗಿ, ಹೊರಗೆ ಹೊರಡುತ್ತದೆ. ಎಡಮಗ್ಗುಲಾಗಿ ಮಲಗಿದರೆ ದೊಡ್ಡ ರಕ್ತನಾಳದ ಮೇಲಿನ ಭಾರ ತಗ್ಗಿ ಈ ಕೆಲಸ ಇನ್ನೂ ಚೆನ್ನಾಗಿ ನಡೆಯುತ್ತದೆ. ಎಂದರೆ, ರಾತ್ರಿ ಹನ್ನೆರಡಕ್ಕೆ ಎದ್ದು ಹೋಗುವುದು ರಾತ್ರಿ ಎಂಟರ ಲೋಟ ನೀರಿನಿಂದ ಮಾತ್ರವಲ್ಲ. ಬೆಳಗಿನಿಂದ ಕಾಲಲ್ಲಿ ಕೂಡಿಟ್ಟ ನೀರೂ ಅದರಲ್ಲಿದೆ. ಸಂಜೆಯಿಂದ ನೀರು ಬಿಟ್ಟರೂ ನನಗೆ ಏಳುವುದು ತಪ್ಪದಿದ್ದ ರಹಸ್ಯ ಮೂವತ್ತು ವರ್ಷಗಳ ಮೇಲೆ ನನಗೆ ಅರ್ಥವಾಯಿತು. ಇದರ ಜೊತೆಗೆ ಮೊದಲ ಮೂರು ತಿಂಗಳು ಬೆಳೆಯುತ್ತಿರುವ ಗರ್ಭಕೋಶ ಮೂತ್ರಕೋಶವನ್ನು ಒತ್ತುತ್ತದೆ. ನಡುವಿನ ತಿಂಗಳುಗಳಲ್ಲಿ ಅದು ಮೇಲಕ್ಕೇರಿ ಕೆಲವರಿಗೆ ಸ್ವಲ್ಪ ಬಿಡುವಾಗುತ್ತದೆ. ಕೊನೆಗೆ ಕೂಸಿನ ತಲೆ ಕೆಳಗಿಳಿದಾಗ ಮತ್ತೆ ಒತ್ತು. ರಾತ್ರಿಗೆ ಎರಡು ಮೂರು ಸಲ ಏಳುವುದು ರೋಗವಲ್ಲ.

ರೋಗ ಎಲ್ಲಿಂದ ಬರುತ್ತದೆಂದರೆ, ತಡೆದುಕೊಳ್ಳುವುದರಿಂದ ಮತ್ತು ಕುಡಿಯದಿರುವುದರಿಂದ. ಬಸುರಿನಲ್ಲಿ ಮೂತ್ರನಾಳಗಳು ಸಡಿಲಗೊಂಡು ಅಗಲವಾಗಿರುತ್ತವೆ, ಬಲಗಡೆ ಇನ್ನೂ ಹೆಚ್ಚು. ಮೂತ್ರ ಅಲ್ಲಿ ನಿಧಾನವಾಗಿ ಹರಿಯುತ್ತದೆ. ನಿಂತ ನೀರಿನಲ್ಲಿ ಕ್ರಿಮಿ ಬೆಳೆಯುವುದು ಸುಲಭ. ನೂರು ಮಂದಿ ಬಸುರಿಯರಲ್ಲಿ ಎರಡರಿಂದ ಹತ್ತು ಮಂದಿಗೆ ಉರಿ, ನೋವು ಏನೂ ಇಲ್ಲದೆಯೇ ಮೂತ್ರದಲ್ಲಿ ರೋಗಾಣುಗಳಿರುತ್ತವಂತೆ. ಆಗಲೇ ಕಂಡುಹಿಡಿದು ಮದ್ದು ಕೊಡದಿದ್ದರೆ ಅವರಲ್ಲಿ ಹಲವರಿಗೆ ಅದು ಮೂತ್ರಪಿಂಡಕ್ಕೆ ಏರುತ್ತದೆ. ಬಸುರಿಯ ಮೂತ್ರಪರೀಕ್ಷೆ ಮಾಡಿಸುವುದು ಇದಕ್ಕಾಗಿ. ಆ ಸಣ್ಣ ಶೀಶೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಯ್ಯುವವರನ್ನು ಕಂಡಾಗಲೆಲ್ಲ ನನಗೆ ನನ್ನ ಬಲಪಕ್ಕೆಯ ನೆನಪಾಗುತ್ತದೆ.

ಇಲ್ಲಿ ಒಂದು ಮಾತನ್ನು ಪಕ್ಕಕ್ಕೆ ಸರಿದು ಹೇಳುತ್ತೇನೆ. ಆ ವರ್ಷದ ಬಳಿಕ ಲಕ್ಷ್ಮೀಶನ ಜೈಮಿನಿ ಭಾರತದ ಸೀತಾಪರಿತ್ಯಾಗದ ಭಾಗವನ್ನು ಹಲವು ಸಲ ಪಾಠ ಹೇಳಿದ್ದೇನೆ. ಆದರೆ ಮೊದಲಿನಂತೆ ಹೇಳುವುದು ಸಾಧ್ಯವಾಗಲಿಲ್ಲ. ತುಂಬು ಬಸುರಿಯನ್ನು ಅವಳ ಬಯಕೆಯ ನೆವದಲ್ಲೇ ರಥವೇರಿಸಿ ಕಾಡಿಗೆ ಕಳಿಸಲಾಯಿತು. ಆ ಕರುಣರಸಕ್ಕೆ ತರಗತಿಯ ಹುಡುಗಿಯರು ಕಣ್ಣೊರೆಸಿಕೊಳ್ಳುತ್ತಿದ್ದರು. ನಾನು ಮಾತ್ರ, ಸಂಜೆಯಾದ ಮೇಲೆ ಆಕೆ ನೀರು ಎಲ್ಲಿ ಕುಡಿದಳು, ಇರುಳಿನಲ್ಲಿ ಒಬ್ಬಳೇ ಎಷ್ಟು ಸಲ ಎದ್ದಳು ಎಂದು ಯೋಚಿಸುತ್ತಿದ್ದೆ. ಇದು ರಸಭಂಗ, ಒಪ್ಪುತ್ತೇನೆ.

ಆಗಬೇಕಾದ್ದನ್ನು ಕುರಿತು ಬಹಳ ಹೇಳಬೇಕಾದ್ದಿಲ್ಲ. ನೀರನ್ನು ಕಡಿಮೆ ಮಾಡುವುದಲ್ಲ, ಅದರ ಹೊತ್ತನ್ನು ಬದಲಿಸುವುದು ಇಲ್ಲಿಯ ಕೀಲಿಕೈ. ದಿನಕ್ಕೆ ಎಂಟರಿಂದ ಹನ್ನೆರಡು ಲೋಟದಷ್ಟು ನೀರು ಬೇಕು. ಅದರ ಬಹುಪಾಲು ಬೆಳಗಿನಿಂದ ಸಂಜೆಯೊಳಗೆ ಒಳಗೆ ಸೇರಬೇಕು. ಮಜ್ಜಿಗೆ, ಜೀರಿಗೆ ಕುದಿಸಿದ ನೀರು, ಎಳನೀರು, ತೆಳ್ಳನೆಯ ಗಂಜಿ ಎಲ್ಲವೂ ನೀರಿನ ಲೆಕ್ಕವೇ. ಮಲಗುವುದಕ್ಕೆ ಎರಡು ಗಂಟೆ ಮೊದಲಿನಿಂದ ಲೋಟ ಲೋಟ ಕುಡಿಯದೆ ಗುಟುಕು ಗುಟುಕಾಗಿ ಕುಡಿಯಬಹುದು. ರಾತ್ರಿಯೂಟದಲ್ಲಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಬೇಡ. ಬಯಕೆ ತಡೆಯದಿದ್ದರೆ ಮಧ್ಯಾಹ್ನ ತಿನ್ನಲಿ. ಕಾಫಿ ಟೀ ಸಂಜೆಯ ಮೇಲೆ ಬೇಡ. ಕೆಫೀನು ದಿನಕ್ಕೆ 200 ಮಿಲಿಗ್ರಾಂ ಮೀರಬಾರದೆಂದು ವೈದ್ಯರ ಮಾತು. ನಮ್ಮ ಗಟ್ಟಿ ಡಿಕಾಕ್ಷನ್ನಿನ ಕಾಫಿಯಾದರೆ ಎರಡು ಸಣ್ಣ ಲೋಟಕ್ಕೇ ನಿಲ್ಲಿಸುವುದು ಮೇಲು. ಸಂಜೆ ಮನೆಗೆ ಬಂದೊಡನೆ ಅರ್ಧ ಗಂಟೆಯಾದರೂ ಕಾಲುಗಳನ್ನು ದಿಂಬಿನ ಮೇಲೆ ಎತ್ತಿಟ್ಟು ಒರಗಿದರೆ ಕಾಲಿನ ನೀರು ನಿದ್ದೆಗೆ ಮೊದಲೇ ಇಳಿದುಹೋಗುತ್ತದೆ. ಬಸುರಿ ಸಂಜೆ ಕಾಲು ಚಾಚಿ ಮಲಗುವುದನ್ನು ನಮ್ಮ ಮನೆಗಳಲ್ಲಿ ಸೋಮಾರಿತನವೆಂದು ನೋಡುತ್ತಾರೆ. ದಯವಿಟ್ಟು ಹಾಗೆ ನೋಡಬೇಡಿ. ಮೂತ್ರಕ್ಕೆ ಕುಳಿತಾಗ ತುಸು ಮುಂದಕ್ಕೆ ಬಾಗಿದರೆ ಪೂರ್ತಿ ಖಾಲಿಯಾಗುತ್ತದೆ. ಇಷ್ಟೆಲ್ಲ ಮಾಡಿದ ಮೇಲೂ ನಡುರಾತ್ರಿ ಬಾಯಾರಿದರೆ ಕುಡಿಯಬೇಕು. ತಲೆಯ ಬಳಿ ನೀರಿರಬೇಕು. ಎದ್ದು ಹೋಗುವ ದಾರಿಯಲ್ಲಿ ಸಣ್ಣ ಬೆಳಕಿರಬೇಕು, ಜಾರುವಂಥದೇನೂ ಇರಬಾರದು. ಥಟ್ಟನೆ ಏಳದೆ, ಹಾಸಿಗೆಯ ಮೇಲೆ ಗಳಿಗೆ ಹೊತ್ತು ಕುಳಿತು ಏಳಬೇಕು.

ಕೆಲವು ಸೂಚನೆಗಳನ್ನು ಮಾತ್ರ ಸಹಜವೆಂದು ತಳ್ಳಿಹಾಕಬಾರದು. ಉರಿಮೂತ್ರ, ಮೂತ್ರದಲ್ಲಿ ರಕ್ತ, ಚಳಿಜ್ವರ, ಪಕ್ಕೆನೋವು ಇವುಗಳ ಮಾತು ಆಗಲೇ ಬಂತು. ಒಂದು ದಿನವೂ ಕಾಯಬೇಡಿ. ಎಷ್ಟು ಕುಡಿದರೂ ತಣಿಯದ ಬಾಯಾರಿಕೆ, ಅದಕ್ಕೆ ತಕ್ಕಂತೆ ಕೊಡಗಟ್ಟಲೆ ಮೂತ್ರ ಎಂದಾದರೆ ಅದು ಬಸುರಿನಲ್ಲಿ ತಲೆದೋರುವ ಸಕ್ಕರೆ ಕಾಯಿಲೆಯಾಗಿರಬಹುದು. ಯಾವ ಲಕ್ಷಣವೂ ಕಾಣದೆಯೇ ಅದು ಬರಬಲ್ಲುದು. ಆದುದರಿಂದ ಮೊದಲ ಭೇಟಿಯಲ್ಲಿ ಒಮ್ಮೆ, 24ರಿಂದ 28ನೆಯ ವಾರದೊಳಗೆ ಮತ್ತೊಮ್ಮೆ 75 ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕುಡಿಸಿ, ಎರಡು ಗಂಟೆಯ ಬಳಿಕ ರಕ್ತಪರೀಕ್ಷೆ ಮಾಡುತ್ತಾರೆ. ಸಕ್ಕರೆ 140 ಮಿಲಿಗ್ರಾಂ ಮುಟ್ಟಿದರೆ ಆರೈಕೆ ಬೇಕೆಂದು ಅರ್ಥ. ಮುಖ, ಕೈ ಊದಿಕೊಂಡು ತಲೆನೋವು, ಕಣ್ಣು ಮಂಜಾಗುವುದು ಬಂದರೆ ಅದು ರಕ್ತದೊತ್ತಡದ ಕರೆಗಂಟೆ. ಕೂಡಲೇ ಆಸ್ಪತ್ರೆಗೆ ಹೋಗಬೇಕು. ತಡೆಯಲಾಗದಂತೆ ತೊಟ್ಟಿಕ್ಕುತ್ತಿರುವುದು ಮೂತ್ರವೋ ಕೂಸಿನ ಸುತ್ತಣ ನೀರೋ ಎಂಬ ಅನುಮಾನ ಬಂದಾಗಲೂ ಹಾಗೆಯೇ. 2016ರಿಂದ ಪ್ರತಿ ತಿಂಗಳ 9ನೆಯ ತಾರೀಖು ಸರಕಾರಿ ಆಸ್ಪತ್ರೆಗಳಲ್ಲಿ ಬಸುರಿಯರನ್ನು ಉಚಿತವಾಗಿ ಪರೀಕ್ಷಿಸುವ ಏರ್ಪಾಡು ಬಂದಿದೆ. ಅಲ್ಲಿ ಕೇಳಲು ನಾಚಬೇಡಿ. ನಾಚಿ ಕೆಟ್ಟವಳು ನಿಮ್ಮೆದುರಿಗೆ ಕುಳಿತಿದ್ದೇನೆ.

ಈಗ ಹಿತ್ತಲಿನ ಕಕ್ಕಸು ಅಷ್ಟಾಗಿ ಕಾಣದು, ಮನೆಯೊಳಗೇ ಎಲ್ಲ ಉಂಟು, ಇನ್ನೇಕೆ ಈ ಪುರಾಣ ಎಂದು ನೀವು ಕೇಳಬಹುದು. ನಾನೂ ಹಾಗೆಯೇ ಎಣಿಸಿದ್ದೆ. ಹೋದ ಬೇಸಗೆಯಲ್ಲಿ ನಮ್ಮ ಮನೆಯ ಹಿಂಭಾಗಕ್ಕೆ ಗಂಡ ಹೆಂಡಿರಿಬ್ಬರು ಬಾಡಿಗೆಗೆ ಬಂದರು. ಅವನು ಆಟೋ ಓಡಿಸುತ್ತಾನೆ; ಆಕೆ ಪೇಟೆಯ ಜವಳಿ ಅಂಗಡಿಯೊಂದರಲ್ಲಿ ಸೀರೆ ತೋರಿಸುವ ಕೆಲಸದಲ್ಲಿದ್ದಾಳೆ. ಆರು ತಿಂಗಳ ಬಸುರಿ. ಮಧ್ಯರಾತ್ರಿ ಅವರ ಮನೆಯ ದೀಪ ಹೊತ್ತುವುದು, ಆರುವುದು, ಮತ್ತೆ ಹೊತ್ತುವುದು ನನ್ನ ಕಿಟಕಿಗೆ ಕಾಣುತ್ತಿತ್ತು. ವಯಸ್ಸಾದ ನನಗೂ ಅದೇ ಹೊತ್ತಿಗೆ ಎಚ್ಚರ. ಕಾರಣ ಬೇರೆ ಹೇಳಬೇಕಾಗಿಲ್ಲ. ಒಂದು ಭಾನುವಾರ ಕರೆದು ಕೂರಿಸಿಕೊಂಡು ಕೇಳಿದೆ. ಬೆಳಗ್ಗೆ ಹತ್ತರಿಂದ ರಾತ್ರಿ ಎಂಟೂವರೆಯವರೆಗೆ ನಿಂತಿರಬೇಕು. ಗಿರಾಕಿ ಇಲ್ಲದಾಗಲೂ ಕೂರುವಂತಿಲ್ಲ. ಕಕ್ಕಸು ಮೂರನೆಯ ಮಹಡಿಯಲ್ಲಿ; ಹೋಗಬೇಕಾದರೆ ಗಲ್ಲಾದಲ್ಲಿ ಕುಳಿತವರಿಗೆ ಹೇಳಿ ಹೋಗಬೇಕು. “ಗಂಡಸರಿಗೆ ಎಷ್ಟು ಸಲ ಅಂತ ಹೇಳೋದು ಅಮ್ಮಾ? ಅದಕ್ಕೆ ನೀರೇ ಕುಡಿಯಲ್ಲ. ಮನೆಗೆ ಬಂದ ಮೇಲೆ ಒಂದೇ ಸಲ ಎರಡು ಚೊಂಬು ಕುಡೀತೀನಿ” ಎಂದಳು. ಸೀರೆಯ ನಿರಿಗೆ ಸರಿಸಿ ತೋರಿಸಿದಳು; ಪಾದದ ಮೇಲೆ ಬೆರಳೊತ್ತಿದರೆ ಗುಳಿ ಬೀಳುತ್ತಿತ್ತು.

ಹಗಲಿನ ಬಾಯಾರಿಕೆಯನ್ನೂ ಕಾಲಿನ ನೀರನ್ನೂ ಆಕೆ ದಿನವೂ ರಾತ್ರಿಗೆ ಹೊತ್ತು ತರುತ್ತಿದ್ದಳು. ಇಂಥ ಹೆಣ್ಣುಮಕ್ಕಳು ನಮ್ಮ ಪೇಟೆಬೀದಿಗಳಲ್ಲಿ ಎಷ್ಟು ಮಂದಿ ನಿಂತಿದ್ದಾರೋ! ನೆರೆಯ ಕೋಳಿಕ್ಕೋಡಿನ ಅಂಗಡಿಗಳ ಕೆಲಸಗಾರ್ತಿಯರು ಮೊದಲು ಶೌಚಾಲಯಕ್ಕಾಗಿ, ಅನಂತರ ಕುಳಿತುಕೊಳ್ಳುವ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದರು. ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಅಂಗಡಿ ಕೆಲಸದವರಿಗೆ ಆಸನ ಕೊಡಬೇಕೆಂದು ಕಾಯಿದೆಯನ್ನೇ ತಿದ್ದಿದುವು. ನಾನು ಅಂಥ ದೊಡ್ಡ ಕೆಲಸವನ್ನೇನೂ ಮಾಡಲಿಲ್ಲ. ಅಂಗಡಿಯ ಮಾಲೀಕರಿಗೆ ಒಂದು ಕಾಗದ ಬರೆದೆ. ಜೀವಮಾನವೆಲ್ಲ ಕನ್ನಡ ಓದಿ ಬರೆದವಳು, ಆ ಅರ್ಧ ಹಾಳೆಗೆ ನಾಲ್ಕು ಕರಡು ಮಾಡಿದೆ. ಮೊದಲ ಕರಡಿನಲ್ಲಿ ‘ಆಗಾಗ ವಿಶ್ರಾಂತಿ’ ಎಂದು ಬರೆದಿದ್ದೆ, ಎರಡನೆಯದರಲ್ಲಿ ‘ದೇಹಬಾಧೆ’, ಮೂರನೆಯದರಲ್ಲಿ ನನ್ನ ಪ್ರೀತಿಯ ‘ಜಲಬಾಧೆ’. ನಾಲ್ಕನೆಯದರಲ್ಲಿ, ಈಕೆ ಬಸುರಿ, ಎರಡು ಗಂಟೆಗೊಮ್ಮೆ ಮೂತ್ರಕ್ಕೆ ಹೋಗಬೇಕು, ಹೋಗುವಾಗ ಯಾರಿಗೂ ಹೇಳಬೇಕಾಗದಂತೆ ಮಾಡಿ, ಒಂದು ಸ್ಟೂಲು ಕೊಡಿ, ಕೈಗೆಟಕುವಲ್ಲಿ ನೀರಿಡಿ ಎಂದು ಬರೆದೆ. ಸಹಿ ಮಾಡುವಾಗ, ಆ ಆಸ್ಪತ್ರೆಯ ಮಂಚದ ಮೇಲೆ ಕೊಡದೆ ಉಳಿಸಿದ್ದ ಉತ್ತರವನ್ನು ಈಗ ಕೊಡುತ್ತಿರುವೆನೆಂದು ಅನ್ನಿಸಿತು.

ಮಾಲೀಕರು ಒಳ್ಳೆಯವರೇ. ಸ್ಟೂಲು ಬಂತು. ಅದೇ ಮಹಡಿಯಲ್ಲಿ ಗಿರಾಕಿಗಳಿಗೆಂದು ಬೀಗ ಹಾಕಿದ್ದ ಶೌಚಾಲಯದ ಕೀಲಿ ಹೆಂಗಸರ ಕೈಗೆ ಬಂತು. ಅದು ಹತ್ತಿರದಲ್ಲೇ ಇತ್ತು, ಕೇಳಿದವರಿರಲಿಲ್ಲ. ಸಕ್ಕರೆಯ ಪರೀಕ್ಷೆಯಲ್ಲಿ ತೊಂದರೆ ಕಾಣಲಿಲ್ಲ. ಅತ್ತೆಯವರ ತಾಮ್ರದ ಚೊಂಬು ನಮ್ಮ ಅಟ್ಟದ ಮೇಲಿತ್ತು; ಹುಣಿಸೆಹಣ್ಣು ಹಚ್ಚಿ ತಿಕ್ಕಿ ಆಕೆಗೆ ಕೊಟ್ಟೆ. ಮೊನ್ನೆ ಬೆಳಗ್ಗೆ ರಂಗೋಲಿ ಹಾಕುತ್ತಿದ್ದವಳನ್ನು ಬೇಲಿಯ ಈಚೆಯಿಂದಲೇ, ಗಂಡ ಪಕ್ಕದಲ್ಲಿ ಆಟೋ ಒರೆಸುತ್ತಿದ್ದಂತೆಯೇ, “ರಾತ್ರಿ ಎಷ್ಟು ಸಲ ಎದ್ದೆ?” ಎಂದು ಕೇಳಿದೆ.

“ಎರಡು ಸಲ ಅಮ್ಮಾ,” ಎಂದಳು. “ಮೂರನೇ ಸಲ ಪಾಪು ಒದ್ದು ಎಬ್ಬಿಸ್ತು.”